ಹೆಸರು ಹೇಳದ ಪರಿಶೀಲಕ

ಲೆಕ್ಕ ಬರೆದವನೇ ಆ ಲೆಕ್ಕದ ತಪಾಸಣೆ ಮಾಡಬಾರದೆಂಬುದು ವ್ಯಾಪಾರಸ್ಥರಿಗೂ ಬಸದಿಗಳ ಆಡಳಿತ ಮಂಡಳಿಗಳಿಗೂ ತಿಳಿದ ನಿಯಮ. ವಿದ್ವತ್ ಪತ್ರಿಕೆಗಳಲ್ಲಿಯೂ ಈ ನಿಯಮವುಂಟು. ಬಂದ ಲೇಖನವನ್ನು ಸಂಪಾದಕರು ಆ ವಿಷಯವನ್ನು ಬಲ್ಲ ಇನ್ನೊಬ್ಬರಿಗೆ ಗೋಪ್ಯವಾಗಿ ಕಳುಹಿಸಿ ಅಭಿಪ್ರಾಯ ಪಡೆಯುತ್ತಾರೆ. ಈ ಪದ್ಧತಿಯು ಲೇಖಕನಿಂದಲೂ ಪರಿಶೀಲಕನಿಂದಲೂ ಎಂಥ ನಡತೆಯನ್ನು ಅಪೇಕ್ಷಿಸುತ್ತದೆಂಬುದು 1936ರ ಒಂದು ಪ್ರಸಂಗದಿಂದ ವಿಶದವಾಗುತ್ತದೆ.

ಆಗ ಆಲ್ಬರ್ಟ್ ಐನ್‌ಸ್ಟೈನರು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿದ್ದರು. ಗುರುತ್ವ ತರಂಗಗಳು ಇರಬೇಕೆಂದು 1916ರಲ್ಲಿ ತಮ್ಮ ಸಿದ್ಧಾಂತದಿಂದ ನಿರೂಪಿಸಿದವರು ಅವರೇ. ಇಪ್ಪತ್ತು ವರ್ಷಗಳ ಬಳಿಕ ನೇಥನ್ ರೋಸೆನ್ ಎಂಬ ಕಿರಿಯ ಸಹೋದ್ಯೋಗಿಯೊಡನೆ ಮತ್ತೆ ಗಣಿತ ಮಾಡಿ, ಅಂಥ ತರಂಗಗಳೇ ಇಲ್ಲವೆಂಬ ನಿರ್ಣಯಕ್ಕೆ ಬಂದು, ಲೇಖನವನ್ನು ‘ಫಿಸಿಕಲ್ ರಿವ್ಯೂ’ ಪತ್ರಿಕೆಗೆ ಕಳುಹಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಓರ್ವ ವಿದ್ವಾಂಸರಿಗೆ ಒಪ್ಪಿಸಿದರು. ಲೇಖಕರ ಕೀರ್ತಿಗೆ ಬೆರಗಾಗಿ ಸುಮ್ಮನೆ ಸಹಿ ಹಾಕಬಹುದಿತ್ತು. ಅವರು ಹಾಗೆ ಮಾಡದೆ ಸುಮಾರು ಹತ್ತು ಪುಟಗಳ ಟಿಪ್ಪಣಿ ಬರೆದು ದೋಷವನ್ನು ತೋರಿಸಿದರು. ಭೂಗೋಳದ ಮೇಲೆ ರೇಖಾಂಶಗಳೆಲ್ಲ ಧ್ರುವದಲ್ಲಿ ಕೂಡುತ್ತವೆ. ಹಾಗೆಂದು ಭೂಮಿಗೆ ಅಲ್ಲಿ ರಂಧ್ರವಿಲ್ಲ. ಐನ್‌ಸ್ಟೈನರು ಕಂಡ ಅಡಚಣೆಯೂ ಅಂಥದೇ, ಅಳೆಯುವ ಕ್ರಮದಿಂದ ಹುಟ್ಟಿದ್ದು.

ಟಿಪ್ಪಣಿ ಕೈಸೇರಿದಾಗ ಐನ್‌ಸ್ಟೈನರು ಕುಪಿತರಾದರು. ಮುದ್ರಣಕ್ಕೂ ಮೊದಲೇ ಲೇಖನವನ್ನು ಪರರಿಗೆ ತೋರಿಸಲು ತಾವು ಅಧಿಕಾರ ಕೊಟ್ಟಿರಲಿಲ್ಲವೆಂದು ಸಂಪಾದಕರಿಗೆ ಬರೆದು ಅದನ್ನು ಹಿಂತೆಗೆದುಕೊಂಡರು. ಜರ್ಮನಿಯ ಪತ್ರಿಕೆಗಳಲ್ಲಿ ಇಂಥ ಪರೀಕ್ಷೆ ಅವರಿಗೆ ರೂಢಿಯಿರಲಿಲ್ಲ ಎಂಬುದು ನಿಜ. ಆದರೂ ಟಿಪ್ಪಣಿಯ ತಿರುಳನ್ನು ವಿಚಾರಿಸದೆ ಅದೇ ಲೇಖನವನ್ನು ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನ ಪತ್ರಿಕೆಗೆ ಕೊಟ್ಟದ್ದು ಅವರಿಗೆ ಶೋಭಿಸುವ ಕಾರ್ಯವಾಗಿರಲಿಲ್ಲ.

ಆ ಪರಿಶೀಲಕರು ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಹೊವರ್ಡ್ ಪರ್ಸಿ ರಾಬರ್ಟ್‌ಸನ್. ಅಂದರೆ ಒಂದೇ ಊರಿನವರು! ಆ ವರ್ಷ ಅವರು ಪರಸ್ಥಳದಿಂದ ಹಿಂದಿರುಗಿದರು. ಅವರು ದೂರು ಹೇಳಲಿಲ್ಲ. ತಾವೇ ಆ ತಪ್ಪನ್ನು ಹಿಡಿದವರೆಂದು ಸಾರಲೂ ಇಲ್ಲ. ಐನ್‌ಸ್ಟೈನರ ಹೊಸ ಸಹಾಯಕ ಲಿಯೋಪೋಲ್ಡ್ ಇನ್‌ಫೆಲ್ಡ್ ಜೊತೆ ಸ್ನೇಹದಿಂದ ಮಾತನಾಡುತ್ತ ದೋಷವನ್ನು ಬಿಡಿಸಿ ತೋರಿಸಿದರು. ಇನ್‌ಫೆಲ್ಡ್ ಅದನ್ನು ತಿಳಿಸಲು ಹೋದಾಗ, ತಮಗೂ ಹಿಂದಿನ ರಾತ್ರಿಯೇ ತಪ್ಪು ಹೊಳೆಯಿತೆಂದು ಐನ್‌ಸ್ಟೈನರು ಹೇಳಿದರಂತೆ. ಅದೇ ವಿಷಯದ ಮೇಲೆ ಮರುದಿನ ಅವರ ಉಪನ್ಯಾಸವಿತ್ತು. ತರಂಗಗಳಿವೆಯೋ ಇಲ್ಲವೋ ತಮಗೆ ತಿಳಿಯದೆಂದು ಸಭೆಯಲ್ಲಿಯೇ ನುಡಿದರು. ಅಷ್ಟು ದೊಡ್ಡ ಹೆಸರಿನವರಿಗೆ ಈ ಮಾತು ಸುಲಭವಾಗಿರಲಾರದು.

ಲೇಖನವು ಹೊಸ ನಿರ್ಣಯದೊಡನೆ 1937ರಲ್ಲಿ ಪ್ರಕಟವಾಯಿತು. ಮೊದಲಿನ ತಪ್ಪನ್ನು ತಿದ್ದಲು ನೆರವಾದ ರಾಬರ್ಟ್‌ಸನ್ನರಿಗೆ ಅದರ ಕೊನೆಯಲ್ಲಿ ಕೃತಜ್ಞತೆ ಸಲ್ಲಿಸಲಾಗಿತ್ತು. ಹಿಂದೆ ತಾವು ಕೋಪಗೊಂಡುದು ಅದೇ ವ್ಯಕ್ತಿಯ ಬರಹದ ಮೇಲೆಂಬುದು ಐನ್‌ಸ್ಟೈನರಿಗೆ ತಿಳಿದಿದ್ದಂತೆ ಕಾಣುವುದಿಲ್ಲ. ‘ಫಿಸಿಕಲ್ ರಿವ್ಯೂ’ಗೆ ಅವರು ಮತ್ತೆ ಸಂಶೋಧನಾ ಲೇಖನ ಕಳುಹಿಸಲಿಲ್ಲ.

ರಾಬರ್ಟ್‌ಸನ್ 1961ರಲ್ಲಿ ತೀರಿಕೊಂಡರು. ಪತ್ರಿಕೆಯ ಹಳೆಯ ದಾಖಲೆ ಪುಸ್ತಕದಲ್ಲಿದ್ದ ಅವರ ಹೆಸರನ್ನು ಇತಿಹಾಸಕಾರ ಡೇನಿಯಲ್ ಕೆನೆಫಿಕ್ 2005ರಲ್ಲಿ ಪ್ರಕಟಪಡಿಸಿದರು. ಹತ್ತು ವರ್ಷಗಳ ತರುವಾಯ, 2015ರ ಸೆಪ್ಟೆಂಬರ್ 14ರಂದು, ಅಮೆರಿಕದ ಲೈಗೋ ಉಪಕರಣಗಳು ಗುರುತ್ವ ತರಂಗವನ್ನು ಮೊದಲ ಬಾರಿಗೆ ಗ್ರಹಿಸಿದವು.