ನಿಮ್ಮ ಹಳೇ ಕನ್ನಡ ಫೈಲ್ ಕಲಸುಮೇಲೋಗರ ಆಗೋದ್ಯಾಕೆ?

ಇವತ್ತಿನ ಕಥೆಗೆ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರಕ್ಕೆ ಹೋಗೋಣ. ಅಲ್ಲೊಬ್ಬ ಹುಡುಗಿ ಈಗಷ್ಟೇ ಡಿಟಿಪಿ ಕಲೀತಿದ್ದಾಳೆ ಅಂದ್ಕೊಳ್ಳಿ. ಊರ ಜಾತ್ರೆಗೆ ಕರಪತ್ರ ಮಾಡ್ಬೇಕು. ಹೋದ ಸಲದ ಫೈಲ್ ತೆರೆದ್ರೆ ಒಂದಕ್ಷರ ಕನ್ನಡ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್ ಗುರುತು. ವೈರಸ್ ಬಂತಾ ಅಂತ ಗಾಬರಿ.

ವೈರಸ್ ಏನೂ ಬಂದಿಲ್ಲ. ಇದರ ಹಿಂದೆ ದೊಡ್ಡ ಚರಿತ್ರೆ ಇದೆ.

ಇದೇ ಸೀಮೆಯ ಅಕ್ಷರಗಳು ಮೊದಲು ಇದ್ದದ್ದು ಕಲ್ಲಿನ ಮೇಲೆ. ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟುಮಾಡಿ, ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವಾಗಿ 1905ರಲ್ಲಿ ಹೊರತಂದರು. ಕಲ್ಲಿನ ಅಕ್ಷರ ಅಚ್ಚಿಗೆ ಬಂತು. ಆ ಹೊತ್ತಿಗೆ ಕನ್ನಡದ ಅಚ್ಚಿಗೆ ಸುಮಾರು ತೊಂಬತ್ತು ವರ್ಷ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಗಿದ್ದು 1817ರಲ್ಲಿ. ಆಗ ಸೀಸದ ಮೊಳೆಗಳನ್ನ ಒಂದೊಂದಾಗಿ ಹೆಕ್ಕಿ ಜೋಡಿಸಬೇಕಿತ್ತು. ಅಕ್ಷರ ಬೇರೆ, ಒತ್ತು ಬೇರೆ.

ಕಂಪ್ಯೂಟರ್ ಬಂದಾಗಲೂ ನಾವು ಮಾಡಿದ್ದು ಇದೇ ಮೊಳೆ ಜೋಡಿಸೋ ಕೆಲಸ. ಒಂದು ಫಾಂಟಿನಲ್ಲಿ ಇದ್ದದ್ದು ಹೆಚ್ಚೆಂದರೆ 256 ಮನೆ. ಅವು ಇಂಗ್ಲಿಷಿಗಾಗಿ ಕಟ್ಟಿದ ಮನೆಗಳು. ನಮ್ಮವರು ಅದರೊಳಗೇ ಕನ್ನಡದ ಚೂರುಗಳನ್ನ ಕೂರಿಸಿದರು. ನುಡಿಯ ಹಳೇ ಫಾಂಟಲ್ಲಿ ‘ಕನ್ನಡ’ ಅಂತ ಬರೆದರೆ ಒಳಗೆ ಏಳು ಚೂರು. ತಲೆಕಟ್ಟಿಲ್ಲದ ‘ಕ’ ಅಂದ್ರೆ ಇಂಗ್ಲಿಷಿನ ದೊಡ್ಡ ‘ಪಿ’. ‘ನ’ ಇರೋದು ಪೌಂಡ್ ಗುರುತಿನ ಮನೇಲಿ. ಮೂರೂ ತಲೆಕಟ್ಟು ಬೇರೆ ಬೇರೆ. ಫಾಂಟ್ ಇದ್ರೆ ಕನ್ನಡ ಕಾಣುತ್ತೆ, ಇಲ್ಲಾಂದ್ರೆ ಮುಖವಾಡ ಕಳಚುತ್ತೆ. ಆ ಹುಡುಗಿ ನೋಡಿದ್ದು ಅದನ್ನೇ.

ಹಾಗಂತ ಆ ಕಾಲದವರನ್ನ ಬೈಯೋ ಹಾಗಿಲ್ಲ. ಕೆ.ಪಿ. ರಾವ್ ಅವರು ‘ಸೇಡಿಯಾಪು’ ತಂತ್ರಾಂಶ ಮಾಡಿದರು, ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಅವರ ಕೀಲಿಮಣೆಯ ಜಾಡಲ್ಲೇ ನಾವು ಇವತ್ತೂ ಟೈಪ್ ಮಾಡ್ತೀವಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವಿಲ್ಲದೆ ಹೋಗಿದ್ರೆ ಎಷ್ಟೋ ಜನ ಕಂಪ್ಯೂಟರಲ್ಲಿ ಕನ್ನಡ ಬರೀತಾನೇ ಇರ್ಲಿಲ್ಲ.

ಪರಿಹಾರವೂ ಆಗಲೇ ಹುಟ್ಟಿತ್ತು. 1991ರ ಯೂನಿಕೋಡ್ ಮೊದಲ ಆವೃತ್ತೀಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು, 128 ಮನೆ. ಇಲ್ಲಿ ‘ಕನ್ನಡ’ ಅಂದ್ರೆ ಕ, ನ, ವಿರಾಮ, ನ, ಡ. ಉಚ್ಚಾರದ ಕ್ರಮದಲ್ಲಿ ಐದೇ. ಒತ್ತು ಎಲ್ಲಿ ಕೂರಬೇಕು, ತಲೆಕಟ್ಟು ಹೇಗಿರಬೇಕು ಅನ್ನೋದನ್ನ ಫಾಂಟ್ ನೋಡ್ಕೊಳ್ಳುತ್ತೆ. ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಫಾಂಟ್ ಬಂದಮೇಲೆ ಇದು ಮನೆಮನೆಗೂ ತಲುಪಿತು. ಆದ್ರೆ ಅಂಗಡಿಗಳಲ್ಲಿ ನಡೀತಿದ್ದದ್ದು ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತೇ ಇರ್ಲಿಲ್ಲ. ಅದರ ಕೊನೇ ಆವೃತ್ತಿ 2001ರದ್ದು. ಹಾಗಾಗಿ ಹಳೇ ಫಾಂಟುಗಳೂ ಉಳಿದುಕೊಂಡವು.

ಹೊಸದಾಗಿ ಕಲಿಯೋರಿಗೆ ಮೂರು ಮಾತು. ಹಳೇ ಬರಹಕ್ಕೆ ನೇರವಾಗಿ ಯೂನಿಕೋಡ್ ಫಾಂಟ್ ಹಾಕ್ಬೇಡಿ. ಮೊದಲು ಪರಿವರ್ತಕದಲ್ಲಿ ಬದಲಾಯಿಸಿ, ಅರ್ಕಾವತ್ತು, ಒತ್ತುಗಳನ್ನ ಕಣ್ಣಾರೆ ಓದಿ. ಅಚ್ಚಿಗೆ ಕಳಿಸುವಾಗ ಫಾಂಟ್ ಒಳಗೊಂಡ ಪಿಡಿಎಫ್ ಮಾಡಿ. ಮೂಲ ಫೈಲನ್ನ ಅಳಿಸ್ಬೇಡಿ.

ಯಾಕಂದ್ರೆ ಹಳೇ ಫಾಂಟಲ್ಲಿ ಸಿಕ್ಕಿಹಾಕಿಕೊಂಡ ಪುಸ್ತಕ, ಸ್ಮರಣ ಸಂಚಿಕೆ, ಊರಿನ ಚರಿತ್ರೆ ಹುಡುಕಿದ್ರೂ ಸಿಗಲ್ಲ. ಕಲ್ಲಿನ ಶಾಸನವನ್ನ ಇವತ್ತೂ ಓದಬಹುದು. ಇಪ್ಪತ್ತು ವರ್ಷದ ಹಿಂದಿನ ಕರಪತ್ರವನ್ನ ಓದೋಕಾಗಲ್ಲ ಅಂದ್ರೆ ಹೇಗೆ? ನಿಮ್ಮೂರಿನ ಒಂದು ಹಳೇ ಫೈಲನ್ನ ಈ ವಾರ ಬದಲಾಯಿಸಿ ನೋಡಿ. ಮತ್ತೆ ಸಿಗೋಣ.