ಸ್ವರ ಸಾಕು, ಮೋರೆ ಬೇಡ

ಉಲ್ಹಾಸನಗರದ ನಾಲ್ಕನೇ ಕ್ಯಾಂಪಿನಲ್ಲಿ ನಮ್ಮ ಮನೆ. ಇಲ್ಲಿ ಜಾಗಗಳಿಗೆ ಹೆಸರಿಗಿಂತ ನಂಬರೇ ರೂಢಿ. ರಿಕ್ಷಾದವನಿಗೆ 'ಚಾರ್ ನಂಬರ್' ಎಂದರೆ ಸಾಕು. ಹೋದ ವರ್ಷ ಚೌತಿಯ ರಜೆಯಲ್ಲಿ ನಾನೂ ಅಣ್ಣನ ಮಗನೂ ಸೇರಿ ಹಿಂದಿನ ಕೋಣೆಯಲ್ಲಿ ಒಂದು ವಿಡಿಯೊ ಪಾಡ್‌ಕಾಸ್ಟ್ ಶುರು ಮಾಡಿದೆವು. ಕಲ್ಯಾಣದಿಂದ ಅಂಬರನಾಥದವರೆಗೆ ಹೋಟೆಲು, ಕಾರ್ಖಾನೆಗಳಲ್ಲಿ ದುಡಿದು ಹಣ್ಣಾದ ಕನ್ನಡಿಗರನ್ನು ಕೂರಿಸಿ ಮಾತಾಡಿಸುವುದು ನಮ್ಮ ಆಸೆ.

ಈ ಊರಿಗೂ ಕೇಳುವವರಿಲ್ಲದ ಮಾತುಗಳಿಗೂ ಹಳೆಯ ನಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ಕಲ್ಯಾಣದ ಮಿಲಿಟರಿ ಟ್ರಾನ್ಸಿಟ್ ಕ್ಯಾಂಪ್. ಯುದ್ಧ ಮುಗಿದು ಬ್ಯಾರಕ್ಕುಗಳು ಖಾಲಿಯಾದವು. ದೇಶ ಒಡೆದಾಗ ಸಿಂಧ್‌ನಿಂದ ಬಂದ ಸಾವಿರಾರು ಕುಟುಂಬಗಳನ್ನು ತಂದು ಅವುಗಳಲ್ಲೇ ಇಳಿಸಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅಡಿಗಲ್ಲು ಹಾಕಿ, ಪಕ್ಕದಲ್ಲಿ ಹರಿಯುವ ಉಲ್ಹಾಸ್ ನದಿಯ ಹೆಸರನ್ನೇ ಊರಿಗೆ ಇಟ್ಟರು. ಕ್ಯಾಂಪುಗಳ ನಂಬರು ಮಾತ್ರ ಹಾಗೇ ಉಳಿಯಿತು. ಶಹಾಡ್, ಅಂಬರನಾಥಗಳ ಕಾರ್ಖಾನೆಗಳಿಗೆ ಕೂಲಿ ಹುಡುಕಿ ಬಂದ ನಮ್ಮವರು ಈ ನಿರಾಶ್ರಿತರ ನಡುವೆ ಬಾಡಿಗೆಗೆ ಸೇರಿಕೊಂಡರು. ಅವರಿಗೆ ಊರು ಹೋಗಿತ್ತು. ನಮಗೆ ಊರು ಇತ್ತು, ಆದರೆ ಅಲ್ಲಿ ಅನ್ನವಿರಲಿಲ್ಲ.

ಮನೆಯಿಂದಲೇ ಪ್ರಸಾರ ಮಾಡುವುದು ಮೊಬೈಲು ಕಲಿಸಿದ ವಿದ್ಯೆ ಎಂದು ಅಣ್ಣನ ಮಗ ನಂಬಿದ್ದ. ಅವನಿಗೆ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರ ಕಥೆ ಹೇಳಿದೆ. ಅವರು ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರು. 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಕೇಂದ್ರ ಆರಂಭಿಸಿದರು. ನಮ್ಮ ಸೀಲಿಂಗ್ ಫ್ಯಾನ್ ಕೂಡ ಅದಕ್ಕಿಂತ ಹೆಚ್ಚು ಕರೆಂಟು ಎಳೆಯುತ್ತದೆ. ಆ ಕೇಂದ್ರದ ಹೆಸರು 'ಆಕಾಶವಾಣಿ'. 1940ರ ದಶಕದ ಆರಂಭದಲ್ಲಿ ಸಂಸ್ಥಾನ ಅದನ್ನು ವಹಿಸಿಕೊಂಡಿತು. ಮುಂದೆ ಆ ಹೆಸರು ಇಡೀ ದೇಶದ ರೇಡಿಯೊಗೆ ಬಂತು.

ನಮ್ಮ ಮುಂಬಯಿಯಲ್ಲಿ ಇನ್ನೂ ಮೊದಲೇ, 1923ರಲ್ಲಿ, ರೇಡಿಯೊ ಕ್ಲಬ್‌ನ ಹವ್ಯಾಸಿಗಳು ಪ್ರಸಾರ ಶುರು ಮಾಡಿದ್ದರು. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬಯಿ ಕೇಂದ್ರ ತೆರೆಯಿತು. ಮೂರೇ ವರ್ಷದಲ್ಲಿ ಕಂಪನಿ ಮುಳುಗಿತು. ಆಮೇಲೆ ರೇಡಿಯೊ ಸರ್ಕಾರದ ಕೈಗೆ ಹೋಯಿತು. ಗಾಳಿಯ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ.

'ಪಾಡ್‌ಕಾಸ್ಟ್' ಎಂಬ ಪದ 2004ರಲ್ಲಿ ಬ್ರಿಟನ್ನಿನ ಪತ್ರಕರ್ತ ಬೆನ್ ಹ್ಯಾಮರ್ಸ್ಲಿಯ ಲೇಖನವೊಂದರಲ್ಲಿ ಕಾಣಿಸಿಕೊಂಡಿತು. ಐಪಾಡ್‌ನ ಬಾಲಕ್ಕೆ ಬ್ರಾಡ್‌ಕಾಸ್ಟ್‌ನ ಬಾಲ ಗಂಟು ಹಾಕಿದ ಪದ. ಇದಕ್ಕೆ ತರಂಗವೂ ಬೇಡ, ಕೇಂದ್ರವೂ ಬೇಡ. ಧ್ವನಿಯ ಕಡತವನ್ನು ಅಂತರ್ಜಾಲದಲ್ಲಿ ಒಂದು ಕಡೆ ಇಟ್ಟರೆ, ಚಂದಾದಾರರಾದವರಿಗೆ ಹೊಸ ಕಂತು ತಾನೇ ತಲುಪುತ್ತದೆ. 2005ರಲ್ಲಿ ಯೂಟ್ಯೂಬ್ ಬಂತು. ಬರಬರುತ್ತಾ ಕೇಳುವವರು ಮುಖವನ್ನೂ ಕೇಳತೊಡಗಿದರು.

ನಮ್ಮ ಸಾಮಾನು ಇಷ್ಟೇ: ಎರಡು ಮೊಬೈಲು, ಒಂದು ಸ್ಟ್ಯಾಂಡು, ಎರಡು ಕಾಲರ್ ಮೈಕು. ಕೋಣೆ ಗುಂಯ್‌ಗುಡದಂತೆ ಗೋಡೆಗೆ ಎರಡು ಹಳೇ ರಜಾಯಿ ತೂಗುಹಾಕಿದೆವು. ಫ್ಯಾನ್ ಬಂದ್. ಪಕ್ಕದ ಮನೆಯ ಜೀನ್ಸ್ ಹೊಲಿಗೆ ಯಂತ್ರ ನಿಲ್ಲುವುದು ಮಧ್ಯಾಹ್ನ ಊಟದ ಹೊತ್ತಿಗೆ. ಆ ಒಂದು ಗಂಟೆಯೇ ನಮ್ಮ ಸ್ಟುಡಿಯೊ. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಬೇಕು. ಆಮೇಲೆ ಚಿತ್ರವನ್ನೂ ಧ್ವನಿಯನ್ನೂ ಜೋಡಿಸುವಾಗ ಕೈ ಸೇರಿದ್ದನ್ನೂ ಆ ಸದ್ದನ್ನೂ ಒಂದೇ ಕಡೆ ಕೂರಿಸಿದರೆ ತುಟಿಗೂ ಮಾತಿಗೂ ತಾಳೆಯಾಗುತ್ತದೆ.

ಮೊದಲ ಅತಿಥಿ ನನ್ನ ಸೋದರಮಾವ. ಕುಂದಾಪುರದ ಕಡೆಯವರು, ಎಂಬತ್ತು ದಾಟಿದೆ. ಹನ್ನೊಂದನೇ ವಯಸ್ಸಿಗೆ ಹೋಟೆಲಿನಲ್ಲಿ ಲೋಟ ತೊಳೆಯಲು ಬಂದವರು, ರಾತ್ರಿ ಶಾಲೆಯಲ್ಲಿ ಓದಿ ಕಾರ್ಖಾನೆ ಸೇರಿದವರು. ಒಂದು ಗಂಟೆ ಮಾತಾಡಿದರು. ಟೇಬಲ್ ಮೇಲೆ ಮಲಗಿದ್ದು, ಲೋಟ ಒಡೆದ ದಿನ ಧಣಿ ಹೊಡೆದದ್ದು, ಆ ರಾತ್ರಿಯೇ ಅಮ್ಮನಿಗೆ 'ಸುಖವಾಗಿದ್ದೇನೆ' ಎಂದು ಬೇರೆಯವರ ಕೈಯಲ್ಲಿ ಕಾಗದ ಬರೆಸಿದ್ದು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ಎಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲವಂತೆ.

ಸಂಜೆ ಹಾಕಿ ನೋಡಿದರೆ ಸ್ವರವೇ ಇಲ್ಲ. ಮೈಕಿನ ಸ್ವಿಚ್ ಒತ್ತಲು ಮರೆತಿದ್ದೆ. ಸದ್ದಿಲ್ಲದ ಪರದೆಯ ಮೇಲೆ ಮಾವ ತುಟಿ ಅಲ್ಲಾಡಿಸುತ್ತಿದ್ದರು, ಪಂಚೆಯ ತುದಿಯಿಂದ ಕಣ್ಣೊರೆಸುತ್ತಿದ್ದರು. ಮಾವನೂ ನನ್ನ ಪಕ್ಕದಲ್ಲೇ ಕೂತು ಅದನ್ನು ನೋಡಿದರು.

ಇನ್ನೊಮ್ಮೆ ಹೇಳಿ ಎಂದು ಕೇಳಲು ನನಗೆ ಮೂರು ವಾರ ಹಿಡಿಯಿತು. ಅವರು ಒಪ್ಪಿದರು, ಒಂದು ಷರತ್ತು ಹಾಕಿ: "ಸ್ವರ ಸಾಕ್, ಮೋರೆ ಬ್ಯಾಡ. ನನ್ ಮೊಮ್ಮಕ್ಕಳ್ ಕಾಣುದ್ ಬ್ಯಾಡ."

ಎರಡನೇ ಸಲ ಮೈಕನ್ನು ಮೂರು ಬಾರಿ ಪರೀಕ್ಷಿಸಿದೆ. ಕ್ಯಾಮೆರಾವನ್ನು ಅವರ ಕೈಗಳ ಕಡೆ ತಿರುಗಿಸಿದೆವು. ಮಾವ ಚೆನ್ನಾಗಿಯೇ ಮಾತಾಡಿದರು, ನಗಿಸಿದರು ಕೂಡ. ಧಣಿ ಹೊಡೆದ ಕಥೆ ಬರಲಿಲ್ಲ. ನಾನು ಕೆದಕಲಿಲ್ಲ. ಕಾಗದದ ಮಾತು ಬಂದಾಗ ಹೆಬ್ಬೆರಳಿನಿಂದ ಇನ್ನೊಂದು ಅಂಗೈಯನ್ನು ತಿಕ್ಕುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮೌನವನ್ನು ಕತ್ತರಿಸಬೇಡ ಎಂದು ಹುಡುಗನಿಗೆ ಹೇಳಿದೆ.

"ಚಿಕ್ಕಪ್ಪ, ಮೊದಲನೇದರ ಮುಖಕ್ಕೆ ಇದರ ಧ್ವನಿ ಹಾಕಬಹುದಲ್ಲ, ಜನ ಜಾಸ್ತಿ ನೋಡ್ತಾರೆ" ಎಂದ ಅವನು. ತಂತ್ರಜ್ಞಾನಕ್ಕೆ ಅದೇನು ಈಗ ಕಷ್ಟವಲ್ಲ. ಆದರೆ ಅತಿಥಿ ಕೊಟ್ಟದ್ದನ್ನಷ್ಟೇ ಇಟ್ಟುಕೊಳ್ಳಬೇಕು. ನಾವು ಕಂತನ್ನು ಕೈಗಳೊಂದಿಗೇ ಹೊರಬಿಟ್ಟೆವು. ಇನ್ನೂರು ಚಿಲ್ಲರೆ ಜನ ನೋಡಿದರು. ಡೊಂಬಿವಲಿಯ ಹಿರಿಯರೊಬ್ಬರು ಫೋನ್ ಮಾಡಿ, ತಾವೂ ಬರುವುದಾಗಿ ಹೇಳಿದರು. ಮುಖ ತೋರಿಸಬೇಕಾಗಿಲ್ಲವಲ್ಲ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಸ್ವರವಿಲ್ಲದ ಆ ಮೊದಲ ಕಡತ ಹಾರ್ಡ್ ಡಿಸ್ಕಿನಲ್ಲಿತ್ತು. ಅಳಿಸಿಬಿಡಲೇ ಎಂದು ಮಾವನನ್ನೇ ಕೇಳಿದೆ. ಎಲೆ ಅಡಿಕೆ ಮಡಿಸುತ್ತಿದ್ದವರು ತಲೆ ಎತ್ತಿದರು.

"ಅದ್ರಗೆ ಮಾತ್ ಇಲ್ಲ ಅಲ್ದಾ?"

"ಇಲ್ಲ ಮಾವ."

"ಹಂಗಾರೆ ಇರ್ಲಿ. ನಾ ಹೋದ್ ಮೇಲೆ ಮಕ್ಕಳಿಗ್ ತೋರ್ಸು."