ಗಲಭೆಯಾಗದ ಊರಿನ ಗುಟ್ಟು



ಗಲಭೆ ನಡೆದ ಊರಿನ ಹೆಸರು ಇತಿಹಾಸದಲ್ಲಿ ದಾಖಲಾಗುತ್ತದೆ. ಗಲಭೆಯಾಗದ ಊರನ್ನು ಯಾರೂ ನೆನೆಯುವುದಿಲ್ಲ. ಇತಿಹಾಸ ಬೋಧನೆಯಲ್ಲಿ ಆಯುಷ್ಯ ಕಳೆದ ನನಗೆ ಈ ಎರಡನೆಯ ಬಗೆಯ ಊರಿನ ಮಹತ್ವವನ್ನು ಮನಗಾಣಿಸಿದವರು ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ. ಹಿಂದೂ-ಮುಸ್ಲಿಂ ಗಲಭೆಗಳನ್ನು ಕುರಿತ ಅವರ ಗ್ರಂಥ 2002ರಲ್ಲಿ ಪ್ರಕಟವಾಯಿತು.

1950ರಿಂದ 1995ರವರೆಗಿನ ಗಲಭೆಗಳ ಪತ್ರಿಕಾ ವರದಿಗಳನ್ನು ಅವರೂ ಸ್ಟೀವನ್ ವಿಲ್ಕಿನ್ಸನ್ ಅವರೂ ಕಲೆಹಾಕಿದರು. ಮಡಿದವರಲ್ಲಿ ಹಳ್ಳಿಗಳ ಪಾಲು ಶೇ. 4ಕ್ಕೂ ಕಡಿಮೆ, ಕೇವಲ 8 ನಗರಗಳ ಪಾಲು ಹೆಚ್ಚುಕಡಿಮೆ ಅರ್ಧ. ಧರ್ಮಭೇದವೊಂದೇ ಕಾರಣವಾಗಿದ್ದರೆ ದೇಶವೆಲ್ಲ ಹೀಗೆಯೇ ಉರಿಯಬೇಕಿತ್ತಲ್ಲವೇ?

ಉತ್ತರಕ್ಕಾಗಿ ಅವರು ನಗರಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರು. ಒಂದು ಜೋಡಿ ಅಲಿಗಢ ಮತ್ತು ಕಲ್ಲಿಕೋಟೆ. ಎರಡರಲ್ಲಿಯೂ ಮುಸ್ಲಿಮರು ಮೂರನೆಯ ಒಂದು ಪಾಲಿಗಿಂತ ಹೆಚ್ಚು. 1990ರ ಡಿಸೆಂಬರಿನಲ್ಲಿ ಅಲಿಗಢದ ಆಸ್ಪತ್ರೆಯೊಂದರಲ್ಲಿ ರೋಗಿಗಳನ್ನು ಕೊಲ್ಲಲಾಗುತ್ತಿದೆಯೆಂಬ ಸುಳ್ಳು ಸುದ್ದಿಯನ್ನು ಕೆಲವು ಪತ್ರಿಕೆಗಳೇ ಅಚ್ಚುಹಾಕಿದವು, ರಕ್ತಪಾತ ಹೆಚ್ಚಿತು. ಅಯೋಧ್ಯೆಯ ವಿವಾದ ದೇಶವನ್ನು ಕಲಕಿದ ಆ ವರ್ಷಗಳಲ್ಲಿ ಕಲ್ಲಿಕೋಟೆಗೂ ವದಂತಿಗಳು ಬಂದವು. ಆದರೆ ಅಲ್ಲಿಯ ಶಾಂತಿ ಸಮಿತಿಗಳೂ ಪತ್ರಿಕೆಗಳೂ ಅವುಗಳನ್ನು ಅಲ್ಲಿಯೇ ಅಡಗಿಸಿದವು.

ಕಲ್ಲಿಕೋಟೆಯವರು ಹುಟ್ಟಾ ಶಾಂತರೆಂದು ಭಾವಿಸಬೇಡಿ. 1921ರ ಮಾಪಿಳ್ಳೆ ದಂಗೆ ನಡೆದದ್ದು ಅದೇ ಮಲಬಾರಿನಲ್ಲಿ. ಅನಂತರದ ದಶಕಗಳಲ್ಲಿ ಅಲ್ಲಿ ವರ್ತಕರ ಸಂಘ, ಕಾರ್ಮಿಕ ಸಂಘ, ವಾಚನಾಲಯ, ಕಲಾ ಸಂಸ್ಥೆಗಳು ಬೆಳೆದವು. ಎರಡೂ ಧರ್ಮದವರು ಅವುಗಳಲ್ಲಿ ಒಟ್ಟಿಗೆ ದುಡಿದರು. ಅಲಿಗಢದಲ್ಲಿ ಅಂತಹ ಕೂಡುಸಂಘಗಳು ವಿರಳ. ನೆರೆಹೊರೆಯವರ ಕುಶಲಪ್ರಶ್ನೆ, ಹಬ್ಬದೂಟ ಹಳ್ಳಿಗೆ ಸಾಕಾದೀತು. ಅಪರಿಚಿತರೇ ತುಂಬಿದ ನಗರಕ್ಕೆ ಸಂಘದ ಕಟ್ಟುಬೇಕು ಎಂಬುದು ವಾರ್ಷ್ಣೇಯರ ನಿಲುವು. ಗಲಭೆಯಿಂದ ಲಾಭ ಪಡೆಯುವ ರಾಜಕಾರಣಿಗೆ ಅಡ್ಡನಿಲ್ಲುವುದು ಆ ಕಟ್ಟೇ.

ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಸರ್ಕಾರಕ್ಕೆ ಅಲ್ಪಸಂಖ್ಯಾತರ ಮತ ಅಗತ್ಯವಾದಾಗ ಪೊಲೀಸರು ಗಲಭೆಯನ್ನು ತಡೆಯುತ್ತಾರೆ ಎಂದು ವಿಲ್ಕಿನ್ಸನ್ 2004ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಅದರಲ್ಲಿ ತಥ್ಯವಿದೆ. ಆದರೆ ಪೊಲೀಸರನ್ನು ನಿಯಂತ್ರಿಸುವುದು ನಮ್ಮ ಕೈಯಲ್ಲಿಲ್ಲ. ಸಂಘ ಕಟ್ಟುವುದು ನಮ್ಮ ಕೈಯಲ್ಲಿದೆ.

ನಿಮ್ಮಲ್ಲಿ ಅನೇಕರು ಇಂದು ವ್ಯಾಪಾರಿಗಳು, ನೌಕರರು, ಬಡಾವಣೆಯ ಸಂಘಗಳ ಪದಾಧಿಕಾರಿಗಳು. ನಿಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿ ಊರಿನ ಎಲ್ಲ ಬೀದಿಗಳ ಹೆಸರುಗಳಿವೆಯೇ? ಇಲ್ಲವಾದರೆ ಈ ವರ್ಷದ ಸಭೆಗೆ ಅವರನ್ನೂ ಕರೆಯಿರಿ.